ಮಂಗಳೂರಿನ ಮಾತ್ರೆ, ಊರಿನ ಕಷಾಯ: ಎರಡನ್ನೂ ಒಂದೇ ಹಾಳೆಗೆ ತರುವುದು ಹೇಗೆ?

ಪೆರ್ಲದ_ಓದುಗ
ನಮ್ಮ ಕಾಸರಗೋಡಿನ ಕಡೆ ಹೆಚ್ಚಿನ ಮನೆಗಳಲ್ಲಿ ಹಿರಿಯರ ಮದ್ದು ಮೂರು ದಾರಿಯಿಂದ ಬರುತ್ತದೆ. ಮಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ಇಲ್ಲಿನ ಸರಕಾರಿ ಆಯುರ್ವೇದ ಡಿಸ್ಪೆನ್ಸರಿಯ ಚೀಟಿ ಮಲಯಾಳದಲ್ಲಿ, ಮೂರನೆಯದಕ್ಕೆ ಚೀಟಿಯೇ ಇಲ್ಲ, ಹಿತ್ತಿಲಿನದ್ದು. ಮೂರನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಉದಾಹರಣೆಗೆ 70 ದಾಟಿದ ಒಬ್ಬರು. ಥೈರಾಯ್ಡಿಗೆ ಎಲ್ಟ್ರಾಕ್ಸಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್, ರಾತ್ರಿ ಅಟೊರ್ವಾಸ್ಟಾಟಿನ್, ಜತೆಗೆ ಕ್ಯಾಲ್ಸಿಯಂ. ಆಯುರ್ವೇದದಲ್ಲಿ ಮಂಡಿನೋವಿಗೆ ರಾಸ್ನೇರಂಡಾದಿ ಕಷಾಯ ಎರಡು ಹೊತ್ತು, ಚಂದ್ರಪ್ರಭಾ ಗುಳಿಗೆ, ಮಲಗುವಾಗ ತ್ರಿಫಲಾ. "ಎರಡರ ನಡುವೆ ಅರ್ಧ ಗಂಟೆ ಬಿಟ್ಟರೆ ಆಯ್ತು" ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯಾ? ತಿಳಿದವರು ಹೇಳಿ.

ಫಾರ್ಮಸಿಸ್ಟ್_ಬದಿಯಡ್ಕ
ಅರ್ಧ ಗಂಟೆಯ ಲೆಕ್ಕ ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ಊರಿಡೀ ಅದೇ ನಡೆಯುತ್ತದೆ. ಮದ್ದು ಮದ್ದಿನ ಜಗಳ ಎರಡು ಜಾಗದಲ್ಲಿ ಆಗುತ್ತದೆ. ಒಂದು ಹೊಟ್ಟೆ, ಕರುಳಿನಲ್ಲಿ: ಒಂದು ಇನ್ನೊಂದನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಇದಕ್ಕೆ ಗಂಟೆಗಳ ಅಂತರ ಪರಿಹಾರ. ಇನ್ನೊಂದು ರಕ್ತಕ್ಕೆ ಸೇರಿದ ಮೇಲೆ, ಲಿವರಿನಲ್ಲಿ, ಕಿಡ್ನಿಯಲ್ಲಿ ಆಗುವ ಜಗಳ. ಅಲ್ಲಿ ನೀವು ಬೆಳಗ್ಗೆ ಒಂದು, ರಾತ್ರಿ ಇನ್ನೊಂದು ತೆಗೆದುಕೊಂಡರೂ ಪ್ರಯೋಜನ ಇಲ್ಲ.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ನಿಮ್ಮ ಪಟ್ಟಿಯಲ್ಲೇ ಉಂಟು. ಚಂದ್ರಪ್ರಭಾದಲ್ಲಿ ಲೋಹಭಸ್ಮ ಇದೆ, ಅಂದರೆ ಕಬ್ಬಿಣ. ಕಬ್ಬಿಣ ಎಲ್ಟ್ರಾಕ್ಸಿನನ್ನು ಕರುಳಿನಲ್ಲಿ ಹಿಡಿಯುತ್ತದೆ. ನಡುವೆ 4 ಗಂಟೆ ಬೇಕು. ಲೋಹಾಸವ, ಮಂಡೂರ (ಕಬ್ಬಿಣದ ಕಿಟ್ಟ) ಸೇರಿದ ಗುಳಿಗೆಗಳಿಗೂ ಇದೇ ಮಾತು. ಅಂತರ ಇಲ್ಲದಿದ್ದರೆ ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ; ಮಾತ್ರೆ ಸಾಲದಾದಾಗ ಏರುವಂಥದ್ದು) ಏರುತ್ತದೆ, ಡಾಕ್ಟರು ಎಲ್ಟ್ರಾಕ್ಸಿನ್ ಡೋಸ್ ಹೆಚ್ಚಿಸುತ್ತಾರೆ, ಆಮೇಲೆ ರೋಗಿ ಆಯುರ್ವೇದದ ಕೋರ್ಸ್ ಮುಗಿಸಿ ಗುಳಿಗೆ ಬಿಟ್ಟಾಗ ಅದೇ ಡೋಸ್ ಅತಿಯಾಗಿ ಎದೆ ಬಡಿತ ಶುರು. ಇಸಬ್‌ಗೋಲಿಗೂ ಹಿಡಿದಿಡುವ ಗುಣ ಇದೆ, ಬೇರೆ ಮಾತ್ರೆಗಳಿಂದ ಕನಿಷ್ಠ 2 ಗಂಟೆ, ಥೈರಾಯ್ಡ್ ಮಾತ್ರೆಯಿಂದ 4. ತ್ರಿಫಲಾದ ಒಗರು ಅಂಶ ರಕ್ತಹೀನತೆಯ ಕಬ್ಬಿಣದ ಮಾತ್ರೆಯನ್ನು ಕೆಡಿಸುತ್ತದೆ. ಚಹಾದ ಒಗರೂ ಅದನ್ನೇ ಮಾಡುತ್ತದೆ ಅನ್ನಿ.

ಎರಡನೆಯ ಜಾತಿ ಅಪಾಯದ್ದು. ಹಿಪ್ಪಲಿ, ಕಾಳುಮೆಣಸಿನ ಪೈಪರಿನ್ ಅಂಶ ಫಿಟ್ಸಿನ ಫೆನಿಟೋಯಿನ್, ಬಿಪಿ, ಹೃದಯದ ಪ್ರೊಪ್ರಾನೊಲಾಲ್, ದಮ್ಮಿನ ಥಿಯೊಫಿಲಿನ್ ಇವುಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಸಾರಿನ ಮೆಣಸಿನ ಮಾತಲ್ಲ ಇದು, ದಿನಾ ಚಮಚಗಟ್ಟಲೆ ತ್ರಿಕಟು (ಶುಂಠಿ, ಮೆಣಸು, ಹಿಪ್ಪಲಿಯ ಪುಡಿ) ತಿನ್ನುವವರ ಮಾತು. ಗುಗ್ಗುಲು ತದ್ವಿರುದ್ಧ: ಪ್ರೊಪ್ರಾನೊಲಾಲ್ ಮತ್ತು ಬಿಪಿ, ಹೃದಯದ ಇನ್ನೊಂದು ಮಾತ್ರೆ ಡಿಲ್ಟಿಯಾಜೆಮ್ ಇವುಗಳ ಮಟ್ಟ ಇಳಿಸುತ್ತದೆ. ಅಪಸ್ಮಾರಕ್ಕೆ ಫೆನಿಟೋಯಿನ್ ತೆಗೆದುಕೊಳ್ಳುವವರಿಗೆ "ನೆನಪಿನ ಶಕ್ತಿಗೆ" ಎಂದು ಶಂಖಪುಷ್ಪಿ ಸಿರಪ್ ಕೊಡಬೇಡಿ. ಫೆನಿಟೋಯಿನ್ ಮಟ್ಟ ಕುಸಿದು ಹಿಡಿತದಲ್ಲಿದ್ದ ಫಿಟ್ಸ್ ಮರಳಿದ್ದು ದಾಖಲಾಗಿದೆ.

ವೈದ್ಯ_ಪುತ್ತಿಗೆ
ಮೇಲಿನದ್ದಕ್ಕೆ ಆಯುರ್ವೇದದ ಬದಿಯಿಂದ ಕೆಲವು.

ಅಂಗಡಿಯ ಕಷಾಯದ ರೂಢಿಯ ಡೋಸ್ 15 ಮಿ.ಲೀ., ಅದಕ್ಕೆ 45 ಮಿ.ಲೀ. ಉಗುರು ಬೆಚ್ಚಗಿನ ನೀರು, ಬೆಳಗ್ಗೆ ಸಂಜೆ ಖಾಲಿ ಹೊಟ್ಟೆಗೆ. ಮನೆಯಲ್ಲಿ ಕುದಿಸುವುದಾದರೆ ಒಂದು ಪಲ, ಅಂದರೆ 48 ಗ್ರಾಂ ಜಜ್ಜಿದ ಮದ್ದಿಗೆ 16 ಪಾಲು ನೀರು, ಸುಮಾರು 770 ಮಿ.ಲೀ.; ಸಣ್ಣ ಉರಿಯಲ್ಲಿ, ಮುಚ್ಚಳ ಇಲ್ಲದೆ, ಎಂಟನೇ ಒಂದು ಪಾಲಿಗೆ, 96 ಮಿ.ಲೀ.ಗೆ ಇಳಿಸಿ ಎರಡು ಹೊತ್ತಿಗೆ ಹಂಚಬೇಕು. ಹೆಚ್ಚಿನವರು ಮಾಡುವ ತಪ್ಪು, ಒಮ್ಮೆ ಕುದಿಸಿ ಮೂರು ದಿನ ಫ್ರಿಜ್ಜಿನಲ್ಲಿ ಇಟ್ಟು ಕುಡಿಯುವುದು. ಕಷಾಯ ಅದೇ ದಿನಕ್ಕೆ. ಇನ್ನೊಂದು ತಪ್ಪು, ಸೀಸೆಯ ಕಷಾಯವನ್ನೂ ಮನೆಯ ಕಷಾಯದ ಹಾಗೆ ಅರ್ಧ ಲೋಟ ಸುರಿದುಕೊಳ್ಳುವುದು. ಸೀಸೆಯದ್ದು ಬತ್ತಿಸಿ ಗಟ್ಟಿ ಮಾಡಿದ್ದು.

ಅರಿಷ್ಟ, ಆಸವಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10. ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಮೆಟ್ರೊನಿಡಜೋಲ್ (ಆಮಶಂಕೆಗೆ ಕೊಡುವ ಆಂಟಿಬಯೋಟಿಕ್) ಕೋರ್ಸ್ ನಡೆಯುವಾಗಲೂ ಮುಗಿದು ಎರಡು ಮೂರು ದಿನವೂ ಬೇಡ. ಕುಡಿತ ಬಿಡಿಸಲು ಡೈಸಲ್ಫಿರಾಮ್ ತೆಗೆದುಕೊಳ್ಳುವವರಿಗೆ ಖಂಡಿತ ಬೇಡ. ಬೆಲ್ಲವೂ ಧಾರಾಳ ಇರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅದೇ ಮದ್ದು ಕಷಾಯವಾಗಿಯೋ ಗುಳಿಗೆಯಾಗಿಯೋ ಸಿಗುತ್ತದಾ ಎಂದು ವೈದ್ಯರಲ್ಲಿ ಕೇಳಿ.

ಬಿಪಿ, ಹೃದಯದವರು ಎರಡು ವಿಷಯ ನೋಡಬೇಕು. ಲವಣಭಾಸ್ಕರ ಚೂರ್ಣದಲ್ಲಿ ಉಪ್ಪೇ ಪ್ರಧಾನ. ಊಟದಲ್ಲಿ ಉಪ್ಪು ಬಿಟ್ಟು ಇದನ್ನು ದಿನಕ್ಕೆ ಎರಡು ಚಮಚ ತಿಂದರೆ ಪಥ್ಯಕ್ಕೆ ಅರ್ಥ ಇಲ್ಲ. ಮತ್ತೊಂದು ಜೇಷ್ಠಮಧು, ಮಲಯಾಳದ ಇರಟ್ಟಿಮಧುರ. ಕೆಮ್ಮಿಗೆ ನಾಲ್ಕು ದಿನ ಚೀಪಿದರೆ ತೊಂದರೆ ಇಲ್ಲ. ವಾರಗಟ್ಟಲೆ ತಿಂದರೆ ದೇಹ ಸೋಡಿಯಂ ಹಿಡಿದುಕೊಂಡು ಪೊಟ್ಯಾಸಿಯಂ ಬಿಡುತ್ತದೆ, ಬಿಪಿ ಏರುತ್ತದೆ, ಕಾಲು ಊದುತ್ತದೆ. ಮೂತ್ರ ಹೆಚ್ಚಿಸುವ "ನೀರಿನ ಮಾತ್ರೆ" ಫ್ರೂಸೆಮೈಡ್ ಕೂಡ ಪೊಟ್ಯಾಸಿಯಂ ಇಳಿಸುವ ಮಾತ್ರೆಯೇ. ಎರಡೂ ಸೇರಿ, ಮೇಲಿಂದ ಹೃದಯದ ಮಾತ್ರೆ ಡಿಗಾಕ್ಸಿನ್ ಇದ್ದರೆ ಹೃದಯದ ತಾಳ ತಪ್ಪಬಹುದು.

ಅಡೂರು_ಕೃಷಿಕ
ಮಾರಾಯ್ರೇ, ಇಷ್ಟೆಲ್ಲ ಹೆದರಿಸಿದರೆ ಜನ ಮದ್ದೇ ಬಿಟ್ಟಾರು. ಅಜ್ಜಂದಿರ ಕಾಲದಿಂದ ಕುಡಿದದ್ದಲ್ವಾ ಇವನ್ನೆಲ್ಲ? ಹಿತ್ತಿಲ ಸೊಪ್ಪಿಗೆ ಎಂತ ಸೈಡ್ ಎಫೆಕ್ಟ್?

ಜನರಲ್_ಮೆಡಿಸಿನ್_ಮಂಜೇಶ್ವರ
ಅಜ್ಜಂದಿರು ಕಷಾಯದ ಜತೆ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿರಲಿಲ್ಲ ಅಣ್ಣಾ. ವ್ಯತ್ಯಾಸ ಅಷ್ಟೇ. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಜೀವನಪೂರ್ತಿ ತಿನ್ನಬೇಕು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಡಾಕ್ಟರು ಹೇಳಿದ ಮಿತಿಯೊಳಗೆ, ಮೈಟ್ರಲ್ ವಾಲ್ವಿಗೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ, ನಿಲ್ಲಬೇಕು. ಬೆಳ್ಳುಳ್ಳಿ ಲೇಹ್ಯ, ಗುಗ್ಗುಲು, ಗಟ್ಟಿ ಮಾಡಿದ ಅರಸಿನದ ಕ್ಯಾಪ್ಸೂಲ್ ಇವೆಲ್ಲ ರಕ್ತಸ್ರಾವದ ಕಡೆಗೆ ತಳ್ಳಬಲ್ಲವು. ಇಂಥವರು ಯಾವುದೇ ಹೊಸ ಕಷಾಯ ಶುರು ಮಾಡುವ ಮೊದಲು ಕೇಳಲೇಬೇಕು. ಶುರು ಮಾಡಿದರೆ ವಾರದೊಳಗೆ ಐಎನ್‌ಆರ್ ನೋಡಿಸಿ. ಬಿಟ್ಟಾಗಲೂ ನೋಡಿಸಿ, ಇದನ್ನು ಯಾರೂ ಮಾಡುವುದಿಲ್ಲ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಕಾರಣ ಇಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಅದೇ ದಿನ ಆಸ್ಪತ್ರೆ.

ಹಿತ್ತಿಲ ಸೊಪ್ಪಿಗೆ ಏನಾಗುತ್ತದೆ ಎಂದು ಕೇಳಿದಿರಿ. ಬಿಂಬುಳಿಯನ್ನೇ ತೆಗೆದುಕೊಳ್ಳಿ. ಮೀನು ಸಾರಿಗೆ ನಾಲ್ಕು ಹಾಕಿದರೆ ಏನೂ ಇಲ್ಲ. ಕೊಲೆಸ್ಟರಾಲ್ ಇಳಿಸಲು ಅದರ ರಸವನ್ನೇ ಹಿಂಡಿ ಲೋಟಗಟ್ಟಲೆ ಕುಡಿದವರ ಕಿಡ್ನಿ ಕೆಲವೇ ದಿನಗಳಲ್ಲಿ ಕೆಟ್ಟದ್ದನ್ನು ಕೇರಳದ ವೈದ್ಯರೇ ವರದಿ ಮಾಡಿದ್ದಾರೆ. ಅದರಲ್ಲಿ ಆಕ್ಸಲೇಟ್ ತುಂಬ, ಅದು ಹರಳಾಗಿ ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಕೂರುತ್ತದೆ. ಕೆಲವರಿಗೆ ಡಯಾಲಿಸಿಸ್ ಬೇಕಾಗಿದೆ. ಈಶ್ವರಬಳ್ಳಿಯ ಬೇರು ಇನ್ನೂ ಕೆಟ್ಟದ್ದು: ಅದರ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣ. ಇದರಲ್ಲಿ ಡೋಸ್ ಕಡಿಮೆ ಮಾಡುವ ಪ್ರಶ್ನೆಯೇ ಇಲ್ಲ, ಹೊಟ್ಟೆಗೆ ಕೊಡಲೇಬಾರದು.

ಸಕ್ಕರೆ ಕಾಯಿಲೆಯವರು ಹಾಗಲಕಾಯಿ ರಸ, ಮೆಂತೆ, ಮಧುನಾಶಿನಿ ತಿನ್ನುವುದಾದರೆ ಜತೆಗಿರುವ ಮಾತ್ರೆ ಯಾವುದು ಎಂದು ನೋಡಬೇಕು. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಇನ್ಸುಲಿನ್ ಇದ್ದರೆ ಇಳಿಯಬಹುದು. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಕುಂಬಳೆ_ಅಬ್ಬಕ್ಕ
ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಪಾಲೆ ಕೆತ್ತೆ (ಹಾಲೆ ಮರದ ತೊಗಟೆ) ಕಷಾಯದ ಬಗ್ಗೆಯೂ ಯಾರಾದರೂ ಹೇಳಿ. ಬಿಪಿ ಮಾತ್ರೆ ತಿನ್ನುವವರು ಕುಡಿಯಬಹುದಾ ಎಂದು ಪ್ರತಿ ಆಟಿಗೂ ಅದೇ ಪ್ರಶ್ನೆ.

ವೈದ್ಯ_ಪುತ್ತಿಗೆ
ಅಕ್ಕ, ಆ ಕಷಾಯದಲ್ಲಿ ನಮಗೆ ದೊಡ್ಡ ಭಯ ಬಿಪಿ ಮಾತ್ರೆಯದ್ದಲ್ಲ, ಮರ ತಪ್ಪುವುದರದ್ದು. ಕತ್ತಲಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುವ ಕ್ರಮ. ಪಾಲೆಯ ಪಕ್ಕದಲ್ಲೇ ಕಾಸರಕ ಇದ್ದರೆ ಕತ್ತಲಲ್ಲಿ ತೊಗಟೆ ಮುಟ್ಟಿ ಗುರುತಿಸಲು ಆಗುವುದಿಲ್ಲ. ಕಾಸರಕದಲ್ಲಿ ಸ್ಟ್ರಿಕ್ನಿನ್ ಎಂಬ ಕಡು ವಿಷ ಇದೆ.

ಗುರುತು ಹೀಗೆ. ಪಾಲೆಯ ಎಲೆಗಳು ಗೆಲ್ಲಿನ ಒಂದೇ ಗಂಟಿನಲ್ಲಿ ಸುತ್ತಲೂ ಕೊಡೆಯ ಕಡ್ಡಿಗಳ ಹಾಗೆ ಐದರಿಂದ ಏಳು ಇರುತ್ತವೆ, ತೊಗಟೆಗೆ ಗೀರಿದರೆ ಬಿಳಿ ಹಾಲು ಧಾರಾಳ ಒಸರುತ್ತದೆ. ಕಾಸರಕದ ಎಲೆ ಎದುರು ಬದುರು ಜೋಡಿಯಾಗಿ, ಎಲೆಯ ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲು ಇಲ್ಲ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಕಾಂಡಕ್ಕೆ ಬಿಳಿ ಬಟ್ಟೆ ಕಟ್ಟಿಡಿ. ಹಾಲು ಬಾರದ ತೊಗಟೆ ಮನೆಗೆ ತರಬೇಡಿ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ಬೊಳ್ಳುಕಲ್ಲು (ಬಿಳಿಕಲ್ಲು) ಕಾಯಿಸಿ ಒಗ್ಗರಣೆ ಕೊಟ್ಟರೂ ಸ್ಟ್ರಿಕ್ನಿನ್ ಸಾಯುವುದಿಲ್ಲ.

ಪ್ರಮಾಣ ಸಣ್ಣದೇ ಇರಲಿ, ಆಮೇಲೆ ಮೆಂತೆ ಗಂಜಿ ಉಂಟಲ್ಲ. ಕಿಡ್ನಿ, ಲಿವರ್ ಕಾಯಿಲೆಯವರಿಗೂ ಬಸುರಿಯರಿಗೂ ಸಣ್ಣ ಮಕ್ಕಳಿಗೂ ಬೇಡ.

ಜನರಲ್_ಮೆಡಿಸಿನ್_ಮಂಜೇಶ್ವರ
ಸೇರಿಸುತ್ತೇನೆ. ಕುಡಿದು ಕಾಲು ಗಂಟೆ, ಅರ್ಧ ಗಂಟೆಯೊಳಗೆ ಕತ್ತು, ದವಡೆ ಬಿಗಿದರೆ, ಸಣ್ಣ ಸದ್ದಿಗೂ ಮೈ ಸೆಟೆದರೆ ಅದು ಕಾಸರಕ. ಪ್ರಜ್ಞೆ ಇರುತ್ತದೆ, ಆದ್ದರಿಂದ "ಗ್ಯಾಸು" ಎಂದು ತಿಳಿದು ಕೂರಬೇಡಿ. ವಾಂತಿ ಮಾಡಿಸಬೇಡಿ, ಬಾಯಿಗೆ ಏನೂ ಹಾಕಬೇಡಿ, ಬೆಳಕು ಸದ್ದು ಕಡಿಮೆ ಮಾಡಿ ನೇರ ಕ್ಯಾಶುವಾಲ್ಟಿಗೆ. ಉಳಿದ ತೊಗಟೆ ಚೀಲದಲ್ಲಿ ಹಾಕಿ ಜತೆಗೆ ತನ್ನಿ. ಏನು ಕುಡಿದರು ಎಂದು ಗೊತ್ತಾದರೆ ಅರ್ಧ ಕೆಲಸ ಆಯ್ತು.

ಪಾಲಿಯೇಟಿವ್_ನರ್ಸ್
ಕರ್ಕಾಟಕ (ಆಟಿ) ತಿಂಗಳ ಆಯುರ್ವೇದ ಚಿಕಿತ್ಸೆಯ ಬಗ್ಗೆ ಒಂದು. ಸ್ನೇಹಪಾನಕ್ಕೆ ಔಷಧದ ತುಪ್ಪ ಕುಡಿಸಿ ಹಸಿವೆ ಆಗುವ ತನಕ ಊಟ ಕೊಡುವುದಿಲ್ಲ. ಗ್ಲಿಮೆಪಿರೈಡನ್ನು ಯಾವತ್ತಿನ ಹೊತ್ತಿಗೆ ನುಂಗಿ ಊಟ ಬಿಟ್ಟರೆ ಶುಗರ್ ತೀರಾ ಇಳಿಯಬಹುದು. ಈಗ ಹಲವರಿಗೆ ಡಾಪಾಗ್ಲಿಫ್ಲೋಜಿನ್ ಎಂಬ ಶುಗರಿನ ಮಾತ್ರೆ ಕೊಡುತ್ತಾರೆ, ಅದರದ್ದು ಬೇರೆಯೇ ಸಮಸ್ಯೆ: ಉಪವಾಸದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ರಕ್ತ ಆಮ್ಲೀಯವಾಗಬಹುದು, ಗ್ಲುಕೋಮೀಟರಿನಲ್ಲಿ ಮಾತ್ರ ಶುಗರ್ ಹೆಚ್ಚೇನೂ ಕಾಣುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ "ಶೋಧನ ಆಗ್ತಾ ಉಂಟು" ಎಂದು ಬಿಡಬಾರದು. ಆಪರೇಷನ್ನಿಗೆ ಮೂರು ದಿನ ಮೊದಲು ನಿಲ್ಲಿಸುವ ಮಾತ್ರೆ ಅದು, ಇಲ್ಲಿಯೂ ಬರೆದುಕೊಟ್ಟ ಡಾಕ್ಟರನ್ನು ಕೇಳಿ ಮುಂಚೆಯೇ ನಿಲ್ಲಿಸಬೇಕು. ವಿರೇಚನದ (ಬೇಧಿ ಮಾಡಿಸುವ) ದಿನ ಮೈಯ ನೀರು ಹೋಗುವುದರಿಂದ ಮೆಟ್‌ಫಾರ್ಮಿನ್, ನೀರಿನ ಮಾತ್ರೆ, ಟೆಲ್ಮಿಸಾರ್ಟನ್ ಬಗ್ಗೆಯೂ ಕೇಳಿ.

ಕಿಳಿ (ಬಿಸಿ ಮದ್ದಿನ ಬಟ್ಟೆಗಂಟು) ಇಡುವಾಗ ರೋಗಿಯನ್ನು "ಬಿಸಿ ಸಾಕಾ" ಎಂದು ಕೇಳಿದರೆ ಸಾಲದು. ಸಕ್ಕರೆ ಕಾಯಿಲೆಯಲ್ಲಿ ಪಾದ ಜೋಮು ಹಿಡಿದವರಿಗೂ ಸ್ಟ್ರೋಕ್ ಆದ ಬದಿಗೂ ಬಿಸಿ ಗೊತ್ತಾಗುವುದೇ ಇಲ್ಲ, ಗುಳ್ಳೆ ಎದ್ದ ಮೇಲೆ ಮನೆಯವರು ನೋಡುವುದು. ಪ್ರತಿ ಸಲ ಇಡುವವರೇ ತಮ್ಮ ಅಂಗೈಯ ಹಿಂಬದಿಗೆ ಮುಟ್ಟಿಸಿ ನೋಡಬೇಕು. ಮಲಗಿದಲ್ಲೇ ಇರುವವರ ಒಂದೇ ಕಾಲು ಹೊಸದಾಗಿ ಊದಿ, ಬೆಚ್ಚಗಾಗಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಾಕಿ ತಿಕ್ಕಲೇಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದಾದರೆ ತಿಕ್ಕಿದಾಗ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸ್ಟ್ರೋಕಿನ ಮೊದಲ ನಾಲ್ಕೂವರೆ ಗಂಟೆ ಆಸ್ಪತ್ರೆಯದ್ದು, ಎಣ್ಣೆಯ ಸರದಿ ಆಮೇಲೆ.

ಸೀತಾಂಗೋಳಿ_೭೧
ಎಲ್ಲರೂ ಬೇಡ ಬೇಡ ಎಂದೇ ಬರೆಯುತ್ತಿದ್ದೀರಿ. ಎರಡೂ ಪದ್ಧತಿ ಕೂಡಿ ಕೆಲಸ ಮಾಡಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಉಂಟಲ್ಲ? ಉಳಿಯತ್ತಡ್ಕದಲ್ಲಿ?

ವೈದ್ಯ_ಪುತ್ತಿಗೆ
ಒಳ್ಳೆಯದಾಯ್ತು ನೆನಪಿಸಿದ್ದು. ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ 1999ರಲ್ಲಿ ಶುರುವಾದದ್ದು. ಆನೆಕಾಲಿನ ಊತಕ್ಕೆ ಅಲ್ಲಿ ಬೆಳೆಸಿದ ಕ್ರಮದಲ್ಲಿ ಯಾವ ಪದ್ಧತಿಯೂ ಇನ್ನೊಂದರ ಕೆಲಸಕ್ಕೆ ಕೈ ಹಾಕುವುದಿಲ್ಲ. ಸೋಪಿನಿಂದ ತೊಳೆದು ಬೆರಳ ಸಂದಿಗಳನ್ನು ಪೂರ್ತಿ ಒಣಗಿಸುವುದು. ಮದ್ದಿನ ಫಾಂಟದಲ್ಲಿ (ಬಿಸಿ ನೀರಿನಲ್ಲಿ ಮದ್ದು ನೆನೆಸಿ ಸೋಸಿದ್ದು) ಕಾಲು ಮುಳುಗಿಸಿಡುವುದು. ಯೋಗದ ಚಲನೆ ಮತ್ತು ಉಸಿರಾಟ. ಎಣ್ಣೆ ಹಚ್ಚಿ ಹಗುರ ಕೈಯಲ್ಲಿ ನೀವುವುದು. ಬ್ಯಾಂಡೇಜ್ ಕಟ್ಟಿ, ಕಟ್ಟಿದ ಮೇಲೆ ಮತ್ತೆ ಯೋಗ. ಸಂದಿಯ ಹುಳುಕಿಗೆ ಫಂಗಸ್ ಮುಲಾಮು, ಜ್ವರ ಬಂದು ಕಾಲು ಕೆಂಪಾದರೆ ಆಂಟಿಬಯೋಟಿಕ್, ಇವು ಆಧುನಿಕ ವೈದ್ಯರದ್ದು.

ಕೆಲಸ ಮಾಡುವುದು ಯಾಕೆಂದರೆ, ಆನೆಕಾಲು ಬೆಳೆಯುವುದೇ ಮತ್ತೆ ಮತ್ತೆ ಬರುವ ಜ್ವರದಿಂದ. ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಜ್ವರ ಬರುತ್ತದೆ, ಪ್ರತಿ ಜ್ವರಕ್ಕೂ ದುಗ್ಧನಾಳ (ಅಂಗಾಂಶದ ನೀರು ಮರಳಿ ಸಾಗಿಸುವ ನಾಳ) ಇನ್ನಷ್ಟು ಕೆಡುತ್ತದೆ, ಬಾವು ಒಂದು ಮೆಟ್ಟಿಲು ಏರುತ್ತದೆ. ಚರ್ಮ ಸರಿಯಾದರೆ ಜ್ವರ ನಿಲ್ಲುತ್ತದೆ. ನೀವಿದ್ದರಿಂದ ಸರಿದ ನೀರು ಬ್ಯಾಂಡೇಜ್ ಇಲ್ಲದಿದ್ದರೆ ಸಂಜೆಗೆ ಮರಳುತ್ತದೆ, ಆದ್ದರಿಂದ ಎಣ್ಣೆ ಮಾತ್ರ ಹಚ್ಚಿ ಬ್ಯಾಂಡೇಜ್ ಬಿಟ್ಟವರಿಗೆ ಗುಣ ಕಾಣುವುದಿಲ್ಲ.

ಪಾಲಿಯೇಟಿವ್_ನರ್ಸ್
ಬ್ಯಾಂಡೇಜಿನಲ್ಲಿ ತಪ್ಪುವುದು ಬಿಗಿಯಲ್ಲಿ. ಬೆರಳ ಬುಡದಿಂದ ಶುರು, ಹಿಮ್ಮಡಿ ಬಿಡಬಾರದು, ಕಣಕಾಲಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಉಲ್ಟಾ ಆದರೆ ಪಾದ ಊದುತ್ತದೆ. ಬೆರಳು ನೀಲಿಯಾದರೆ, ಜೋಮು ಬಂದರೆ ತಕ್ಷಣ ಬಿಚ್ಚಿ. ಪಾದದ ನಾಡಿ ಸಿಗದವರಿಗೂ ಹೃದಯ ವೈಫಲ್ಯದವರಿಗೂ ಡಾಕ್ಟರನ್ನು ಕೇಳದೆ ಕಟ್ಟಲೇಬಾರದು. ಟೇಪಿನಲ್ಲಿ ಪಾದ, ಕಣಕಾಲು, ಅದರಿಂದ 10 ಸೆಂ.ಮೀ. ಮೇಲೆ, ವಾರಕ್ಕೊಮ್ಮೆ ಅದೇ ಹೊತ್ತಿಗೆ ಅಳೆದು ಬರೆದಿಡಿ.

ಅಡೂರು_ಕೃಷಿಕ
ಸರಿ, ಒಪ್ಪಿದೆ. ಅಮೃತಬಳ್ಳಿ? ಕೊರೋನಾ ಸಮಯದಿಂದ ಪ್ರತಿ ಬೇಲಿಯಲ್ಲೂ ಅದೇ.

ಜನರಲ್_ಮೆಡಿಸಿನ್_ಮಂಜೇಶ್ವರ
2021ರಲ್ಲಿ ಮುಂಬಯಿಯಿಂದ ಅಮೃತಬಳ್ಳಿ ತಿಂದು ಲಿವರ್ ಊದಿಕೊಂಡವರ ವರದಿ ಬಂತು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿಯನ್ನು ತಿಂದಿರಬಹುದು ಎಂದಿತು. ವಾದ ಏನೇ ಇರಲಿ, ಮೊದಲೇ ಲಿವರ್ ತೊಂದರೆ, ಕೆಲವು ಥೈರಾಯ್ಡ್ ತೊಂದರೆಗಳಂಥ ಆಟೊಇಮ್ಯೂನ್ (ದೇಹದ ರಕ್ಷಣೆಯೇ ದೇಹವನ್ನು ಕೆಡಿಸುವ) ಕಾಯಿಲೆ ಇರುವವರು ತಿಂಗಳುಗಟ್ಟಲೆ ದಿನಾ ಕುಡಿಯುವುದು ಬೇಡ ಎಂದೇ ನನ್ನ ಅಭಿಪ್ರಾಯ. ಮೂತ್ರ ಕಡು ಹಳದಿ, ಹಸಿವೆ ಇಲ್ಲ, ಮೈ ತುರಿಕೆ ಎಂದರೆ ನಿಲ್ಲಿಸಿ ಲಿವರ್ ಪರೀಕ್ಷೆ.

ವೈದ್ಯ_ಪುತ್ತಿಗೆ
ನಾನು ಪೂರ್ತಿ ಒಪ್ಪುವುದಿಲ್ಲ ಡಾಕ್ಟ್ರೇ, ವೈದ್ಯರು ನೋಡಿ ಕೊಟ್ಟ ಅವಧಿಗೆ ತೊಂದರೆ ಕಾಣೆ. ಆದರೆ "ದಿನಾ, ವರ್ಷವಿಡೀ" ಎಂದು ಯಾವ ಗ್ರಂಥವೂ ಹೇಳಿಲ್ಲ ಎಂಬುದು ಸತ್ಯ. ಬಳ್ಳಿಯ ಮೈತುಂಬ ಗಂಟು ಗಂಟಾಗಿ ಉಬ್ಬು ಇದ್ದರೆ ಅದು ಬೇರೆ ಜಾತಿಯದ್ದು, ಬಳಸಬೇಡಿ.

ಭಸ್ಮದ ಮದ್ದಿನ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಯೋಗರಾಜ ಗುಗ್ಗುಲು ಬೇರೆ, ಮಹಾಯೋಗರಾಜ ಗುಗ್ಗುಲು ಬೇರೆ. ಎರಡನೆಯದರಲ್ಲಿ ನಾಗಭಸ್ಮ, ಅಂದರೆ ಸೀಸ, ಮತ್ತು ಪಾದರಸದ ರಸಸಿಂಧೂರ ಇದೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ತೆಗೆದುಕೊಳ್ಳಬೇಡಿ, ವರ್ಷಗಟ್ಟಲೆ ಸ್ವಂತವಾಗಿ ತರಿಸಿ ತಿನ್ನಲೂ ಬೇಡಿ. ಲೇಬಲ್ ಇಲ್ಲದ ಪುಡಿಯ ಪೊಟ್ಟಣ ಯಾರೇ ಕೊಟ್ಟರೂ ಬೇಡ.

ಫಾರ್ಮಸಿಸ್ಟ್_ಬದಿಯಡ್ಕ
ಹಾಳೆಯ ವಿಷಯಕ್ಕೆ ಬರೋಣ. ಒಂದು ಸಾಲಿಗೆ ಒಂದು ಮದ್ದು: ಹೆಸರು, ಎಷ್ಟು ಮಿ.ಗ್ರಾಂ. ಅಥವಾ ಮಿ.ಲೀ., ಹೊತ್ತು, ಯಾವುದಕ್ಕೆ, ಯಾರು ಬರೆದದ್ದು, ಎಂದಿನಿಂದ. ಹಿತ್ತಿಲಿನದ್ದೂ ಅದೇ ಹಾಳೆಯಲ್ಲಿ. ಕನ್ನಡದಲ್ಲಿ ಬರೆದುಕೊಳ್ಳಿ, ಆದರೆ ಸೀಸೆಯ ಹಿಂಬದಿಯ ಫೋಟೋ ಫೋನಿನಲ್ಲಿ ಇರಲಿ. ಮಲಯಾಳ ಓದಲು ಬಾರದ ಮಂಗಳೂರಿನ ಡಾಕ್ಟರಿಗೂ ಅಲ್ಲಿ ಗಿಡಗಳ ಲ್ಯಾಟಿನ್ ಹೆಸರು ಸಣ್ಣಕ್ಷರದಲ್ಲಿ ಸಿಗುತ್ತದೆ. "ಬೇರೆ ಮದ್ದು ಉಂಟಾ" ಎಂದು ಕೇಳಿದಾಗ ಬೈಯುತ್ತಾರೆಂದು ಇಲ್ಲ ಎನ್ನಬೇಡಿ, ಬಾಯಲ್ಲಿ ಹೇಳಲು ಮುಜುಗರವಾದರೆ ಹಾಳೆ ಮುಂದಿಡಿ. ಆಪರೇಷನ್ ನಿಗದಿಯಾದರೆ ಹಾಳೆ ಅರಿವಳಿಕೆ ಡಾಕ್ಟರಿಗೂ ತೋರಿಸಿ, ಗಿಡಮೂಲಿಕೆಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಆಯುರ್ವೇದ ಮದ್ದಿನಿಂದ ತೊಂದರೆ ಆದರೆ ವರದಿ ಮಾಡಲು ಆಯುಷ್‌ನ ಔಷಧ ಸುರಕ್ಷತಾ ವ್ಯವಸ್ಥೆ 2018ರಿಂದ ಇದೆ, ಡಿಸ್ಪೆನ್ಸರಿಯ ವೈದ್ಯರ ಮೂಲಕ ಕಳಿಸಬಹುದು.

ಪೆರ್ಲದ_ಓದುಗ
ಎಲ್ಲ ಓದಿ ಹೀಗೆ ಜೋಡಿಸಿದೆ. 6 ಗಂಟೆಗೆ ಎಲ್ಟ್ರಾಕ್ಸಿನ್, 7ಕ್ಕೆ ಕಷಾಯ, 8ಕ್ಕೆ ಗ್ಲಿಮೆಪಿರೈಡ್ ನುಂಗಿ ತಿಂಡಿ, ತಿಂಡಿಯಾದ ಮೇಲೆ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಕ್ಯಾಲ್ಸಿಯಂ. 11ಕ್ಕೆ ಚಂದ್ರಪ್ರಭಾ. ಸಂಜೆ 6ಕ್ಕೆ ಕಷಾಯ. ರಾತ್ರಿ ಊಟಕ್ಕೆ ಮೆಟ್‌ಫಾರ್ಮಿನ್, ಅಟೊರ್ವಾಸ್ಟಾಟಿನ್. 10ಕ್ಕೆ ತ್ರಿಫಲಾ.

ಫಾರ್ಮಸಿಸ್ಟ್_ಬದಿಯಡ್ಕ
ಆಯುರ್ವೇದದ್ದೆಲ್ಲ ಸರಿಯಾಗಿ ಕೂತಿದೆ, ತಪ್ಪಿದ್ದು ಕ್ಯಾಲ್ಸಿಯಂ. ಅದೂ ಎಲ್ಟ್ರಾಕ್ಸಿನನ್ನು ಹಿಡಿಯುತ್ತದೆ, 4 ಗಂಟೆ ದೂರ ಬೇಕು. ಮಧ್ಯಾಹ್ನದ ಊಟಕ್ಕೆ ಹಾಕಿ. ಹೊತ್ತು ಬದಲಾದದ್ದರಿಂದ ಆರು ವಾರ ಬಿಟ್ಟು ಟಿಎಸ್‌ಎಚ್ ನೋಡಿಸಿ, ಅಲ್ಲಿಯವರೆಗೆ ಡೋಸ್ ಮುಟ್ಟಬೇಡಿ. ಶುಗರಿನ ಮಾತ್ರೆ ಎರಡಿರುವುದರಿಂದ ಹಾಗಲಕಾಯಿ ರಸ ಕುಡಿಯುವ ಕ್ರಮ ಇದ್ದರೆ ಅದನ್ನೂ ಬರೆಯಿರಿ, ಪಟ್ಟಿಯಲ್ಲಿ ಹಿತ್ತಿಲಿನದ್ದು ಒಂದೂ ಕಾಣಲಿಲ್ಲ.